ಉದ್ಯಮದ ಯಜಮಾನನೂ ಜಿಜ್ಞಾಸೆಯೂ

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ, ಚಿಕ್ಕ ಗಡಿಯಾರದ ಬಳಿಯ ಮಾರುಕಟ್ಟೆಯೊಳಕ್ಕೆ ಬೆಳಗಿನ ಹೊತ್ತು ಕಾಲಿಟ್ಟವರಿಗೆ ಮೊದಲು ಎದುರಾಗುವುದು ಪರಿಮಳ. ಮಲ್ಲಿಗೆ, ವೀಳ್ಯದೆಲೆ, ನಂಜನಗೂಡಿನ ರಸಬಾಳೆ, ಗೋಪುರದಂತೆ ಒಟ್ಟಿದ ಕುಂಕುಮ, ಊದುಬತ್ತಿ, ಗಂಧದೆಣ್ಣೆಯ ಸಣ್ಣ ಸೀಸೆಗಳು, ಇವೆಲ್ಲದರ ವಾಸನೆಯೂ ಅಲ್ಲಿ ಒಂದಾಗಿ ಬೆರೆತಿರುತ್ತದೆ. ಈ ಸುಗಂಧದ ಅಂಗಡಿಗಳಲ್ಲಿ ಎರಡು ಬಗೆಯ ವರ್ತಕರನ್ನು ಕಾಣಬಹುದು. ಗಿರಾಕಿಯು ಸೀಸೆಯನ್ನು ಮೂಗಿಗೆ ಹಿಡಿದು, “ಇದು ಚೊಕ್ಕ ಎಣ್ಣೆಯೇ?” ಎಂದು ಕೇಳಿದರೆ, “ನಲವತ್ತು ವರ್ಷದಿಂದ ಇದೇ ಕಸುಬು ಸ್ವಾಮಿ, ನನಗೆ ತಿಳಿಯದೇ?” ಎಂದು ಮಾತನ್ನು ಮುಗಿಸುವವನೊಬ್ಬ. “ಹಿಂದೆ ಎಲ್ಲಿ ಕೊಂಡಿದ್ದಿರಿ? ಅದರ ವಾಸನೆ ಬಟ್ಟೆಯಲ್ಲಿ ಎಷ್ಟು ದಿನ ನಿಂತಿತು?” ಎಂದು ತಾನೇ ಕೇಳಲಾರಂಭಿಸುವವನು ಇನ್ನೊಬ್ಬ. ಮೊದಲನೆಯವನು ಸುಳ್ಳುಗಾರನಲ್ಲ, ಅವನ ನಲವತ್ತು ವರ್ಷಗಳೂ ನಿಜವಾದವೇ. ಆದರೆ ಆ ವರ್ಷಗಳು ಅವನ ಕಿವಿಗೆ ಬಾಗಿಲಾಗಿ ಮುಚ್ಚಿಕೊಂಡಿವೆ. ಎರಡನೆಯವನಿಗೆ ಅವೇ ವರ್ಷಗಳು ಕಿಟಕಿಯಾಗಿ ತೆರೆದುಕೊಂಡಿವೆ. ಒಂದು ಅಂಗಡಿಯನ್ನಲ್ಲದೆ, ನೂರಾರು ಜನರ ಅನ್ನವನ್ನು ಹೊತ್ತ ಒಂದು ದೊಡ್ಡ ಉದ್ಯಮವನ್ನು ಈ ಇಬ್ಬರಲ್ಲಿ ಒಬ್ಬನ ಕೈಗೆ ಒಪ್ಪಿಸಬೇಕಾಗಿ ಬಂದರೆ ಯಾರಿಗೆ ಒಪ್ಪಿಸಬೇಕು? ಇದು ವ್ಯಾಪಾರದ ಪ್ರಶ್ನೆಯಂತೆ ತೋರಿದರೂ ಅದರ ಬೇರು ಧರ್ಮವಿಚಾರದಲ್ಲಿದೆ.

ಮೊದಲು ಪದಗಳನ್ನು ತಿಳಿಯಾಗಿಸಿಕೊಳ್ಳುವುದು ಮೇಲು. ಕುತೂಹಲವೆಂಬುದು ಬೇರೆ, ಜಿಜ್ಞಾಸೆಯೆಂಬುದು ಬೇರೆ. ಬೀದಿಯಲ್ಲಿ ಜನ ಗುಂಪುಗೂಡಿದರೆ ಇಣುಕಿ ನೋಡುವುದು ಕುತೂಹಲ. ನೋಡಿದೊಡನೆ ಅದು ತೀರಿಹೋಗುತ್ತದೆ. ಜಿಜ್ಞಾಸೆ ಎಂಬ ಶಬ್ದವಾದರೋ ವೈಯಾಕರಣರು ಸನ್ನಂತವೆಂದು ಕರೆಯುವ ರೂಪದಿಂದ ಹುಟ್ಟಿದ್ದು. ಅರಿಯುವುದಲ್ಲ, ಅರಿಯಬೇಕೆಂಬ ಇಚ್ಛೆ ಅದರ ಅರ್ಥ. ಇಚ್ಛೆಯಾದ್ದರಿಂದ ಅದಕ್ಕೆ ಬೆಲೆ ತೆರಬೇಕಾಗುತ್ತದೆ: ಹೊತ್ತು, ಹಣ, ಕೆಲವೊಮ್ಮೆ ಮಾನ. ಬ್ರಹ್ಮಸೂತ್ರಗಳು ಬ್ರಹ್ಮಜ್ಞಾನವೆಂದು ತೊಡಗದೆ ಬ್ರಹ್ಮದ ಜಿಜ್ಞಾಸೆಯೆಂದು ತೊಡಗುವುದನ್ನು ಬಲ್ಲ ವಾಚಕರಿಗೆ ಈ ಭೇದವನ್ನು ಬೆಳೆಸಿ ಹೇಳಬೇಕಾದುದಿಲ್ಲ. ಪರಿಣತಿಯೆಂದರೆ, ಹಿಂದೆ ಯಾರೋ ಕೇಳಿದ ಪ್ರಶ್ನೆಗಳಿಗೆ ದೊರೆತ ಉತ್ತರಗಳು ಒಬ್ಬನ ಕೈಯಲ್ಲೂ ಬುದ್ಧಿಯಲ್ಲೂ ನೆಲೆಸಿರುವುದು. ಅದು ಮಾನ್ಯವಾದ ಆಸ್ತಿ. ಆದರೆ ಆಸ್ತಿಗೂ ಸಂಪಾದನೆಗೂ ಇರುವ ಅಂತರ ಇಲ್ಲಿಯೂ ಉಂಟು.

ಪೂರ್ವಪಕ್ಷವನ್ನು ಹಗುರವಾಗಿ ತಳ್ಳಿಹಾಕಬಾರದು. ಜ್ವರ ಬಂದವನು ಜಿಜ್ಞಾಸುವಿನ ಮನೆಯನ್ನು ಹುಡುಕಿಕೊಂಡು ಹೋಗುವುದಿಲ್ಲ, ವೈದ್ಯನ ಮನೆಗೆ ಹೋಗುತ್ತಾನೆ. ಕನ್ನಂಬಾಡಿಯ ಕಟ್ಟೆ ಕಾವೇರಿಯನ್ನು ತಡೆದು ನಿಂತಿರುವುದು ಯಾರೋ ಕೆಲವರು ಪ್ರಶ್ನೆ ಕೇಳಿದ್ದರಿಂದಲ್ಲ, ಗಾರೆಯ ಪಾಕವನ್ನೂ ನೀರಿನ ಒತ್ತಡವನ್ನೂ ಲೆಕ್ಕವಾಗಿ ಬಲ್ಲವರು ಕೆಲಸ ಮಾಡಿದ್ದರಿಂದ. ಏನೂ ಅರಿಯದವನ ಪ್ರಶ್ನೆಗಳಿಂದ ಕಾರ್ಖಾನೆ ನಡೆಯುವುದಾದರೆ ಶಾಲೆಯ ಮಕ್ಕಳೇ ಧಣಿಗಳಾಗಬಹುದಿತ್ತು. ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಆದರೆ ಅದು ಕೆಲಸ ಮಾಡುವವನ ವಿಷಯದಲ್ಲಿ ಸತ್ಯ. ಕೆಲಸವನ್ನು ನಡೆಸುವವನ ವಿಷಯದಲ್ಲಿ ಅರ್ಧ ಸತ್ಯ ಮಾತ್ರ. ಯಜಮಾನನ ಮುಂದೆ ಯಂತ್ರದವನೊಬ್ಬ, ಲೆಕ್ಕದವನೊಬ್ಬ, ಮಾರಾಟದವನೊಬ್ಬ, ಕಾನೂನಿನವನೊಬ್ಬ ನಿಂತು ನಾಲ್ಕು ಬಗೆಯ ಸಲಹೆಯನ್ನು ಕೊಡುತ್ತಾರೆ. ನಾಲ್ಕರಲ್ಲೂ ಪರಿಣತನಾದ ಯಜಮಾನ ಹುಟ್ಟಿಲ್ಲ. ಒಂದರಲ್ಲಿ ಪರಿಣತನಾದವನು ಉಳಿದ ಮೂವರ ಮಾತನ್ನೂ ತನ್ನ ವಿದ್ಯೆಯ ಅಳತೆಗೋಲಿನಿಂದಲೇ ಅಳೆಯುತ್ತಾನೆ.

ತಜ್ಞರು ಒಬ್ಬರಿಗೊಬ್ಬರು ಒಪ್ಪದಿರುವುದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾದುದಿಲ್ಲ. ೨೦೧೬ರಲ್ಲಿ ಇದೇ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಕುಸಿದುಬಿದ್ದಿತು. ಇಡೀ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವುದೇ ಸರಿಯೆಂದು ಬಲ್ಲವರ ಒಂದು ಪಕ್ಷ, ದುರಸ್ತಿ ಮಾಡಿ ಉಳಿಸಬಹುದೆಂದು ಅವರಷ್ಟೇ ಬಲ್ಲವರ ಇನ್ನೊಂದು ಪಕ್ಷ, ವರ್ಷಗಟ್ಟಲೆ ವಾದಿಸಿದುವು. ಎರಡು ಪಕ್ಷದವರಿಗೂ ಸುಣ್ಣದ ಗಾರೆಯ ಗುಣ ತಿಳಿಯದೆ ಇರಲಿಲ್ಲ. ಅವರು ತಮಗೆ ತಾವು ಹಾಕಿಕೊಂಡ ಪ್ರಶ್ನೆಗಳು ಬೇರೆ ಬೇರೆಯಾಗಿದ್ದುವು, ಅಷ್ಟೆ. ಇನ್ನೆಷ್ಟು ಕಾಲ ಅಪಾಯವಿಲ್ಲದೆ ನಿಂತೀತು ಎಂದು ಕೇಳಿದವರಿಗೆ ಒಂದು ಉತ್ತರ. ಏನನ್ನು ಮಾಡಿದರೆ ನಿಲ್ಲಿಸಬಹುದು ಎಂದು ಕೇಳಿದವರಿಗೆ ಇನ್ನೊಂದು. ಪ್ರಶ್ನೆಯನ್ನು ಆರಿಸಿಕೊಳ್ಳುವ ಹೊಣೆ ತಜ್ಞನದಲ್ಲ. ಅದು ಮೇಲೆ ಕುಳಿತವನದು. ಆ ಹೊಣೆಗೆ ಯಾವ ಪರಿಣತಿ ಸಾಕಾದೀತು?

ಈ ವಿಚಾರಕ್ಕೆ ಮೈಸೂರಿನ ಗಂಧದ ಉದ್ಯಮಕ್ಕಿಂತ ಹೆಚ್ಚಿನ ಬೆಳಕನ್ನು ಕೊಡುವ ಕಥೆ ಈ ಸೀಮೆಯಲ್ಲಿ ದುರ್ಲಭ. ಬಹುಕಾಲದಿಂದ ಮೈಸೂರು ಸಂಸ್ಥಾನವು ಶ್ರೀಗಂಧದ ಮರವನ್ನು ಕಡಿದು, ಕೊರಡುಗಳನ್ನಾಗಿ ವಿಂಗಡಿಸಿ, ಹರಾಜು ಹಾಕಿ, ಹೊರದೇಶಗಳಿಗೆ ಹೋಗಬಿಡುತ್ತಿತ್ತು. ಎಣ್ಣೆ ತೆಗೆಯುವ ಕೆಲಸವೆಲ್ಲ ಯುರೋಪಿನಲ್ಲಿ, ಅದರಲ್ಲೂ ಬಹುಮಟ್ಟಿಗೆ ಜರ್ಮನಿಯಲ್ಲಿ, ನಡೆಯುತ್ತಿತ್ತು. ಕೊರಡಿನ ದರ್ಜೆಯನ್ನು ಒಂದು ನೋಟದಲ್ಲಿ ಹೇಳಬಲ್ಲ ಪರಿಣತರಿಗೆ ಸಂಸ್ಥಾನದಲ್ಲಿ ಕೊರತೆಯಿರಲಿಲ್ಲ. ಆದರೆ ಈ ಎಣ್ಣೆಯನ್ನು ಇಲ್ಲಿಯೇ ಏಕೆ ಇಳಿಸಬಾರದೆಂಬ ಪ್ರಶ್ನೆ ಹರಾಜು ಚೆನ್ನಾಗಿ ನಡೆಯುವವರೆಗೆ ಬಲವಾಗಿ ಏಳಲಿಲ್ಲ. ೧೯೧೪ರಲ್ಲಿ ಮಹಾಯುದ್ಧ ಬಂದಿತು. ಹಡಗಿನ ದಾರಿ ಕಟ್ಟಿತು. ಗಂಧದ ಕೊರಡುಗಳು ಕೊಳ್ಳುವವರಿಲ್ಲದೆ ಕೋಠಿಗಳಲ್ಲಿ ಉಳಿದುವು.

ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿದ್ದವರು ಆಲ್ಫ್ರೆಡ್ ಚಾಟರ್ಟನ್. ಈ ಚಾಟರ್ಟನ್ನರು ಮದರಾಸಿನಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದವರು. ತಮ್ಮ ಪಾಠದ ಕೋಣೆಯಿಂದಾಚೆಗೆ ಕಣ್ಣು ಹಾಯಿಸಿ, ಅಲ್ಯೂಮಿನಿಯಂ ಪಾತ್ರೆಗಳನ್ನು ಈ ದೇಶದಲ್ಲಿ ಮಾಡಿಸಬಹುದೇ ಎಂದು ನೋಡಿದರು, ಮಾಡಿಸಿದರು. ಚರ್ಮವನ್ನು ಕ್ರೋಮ್ ಉಪ್ಪಿನಿಂದ ಹದಮಾಡಬಹುದೇ ಎಂದು ನೋಡಿದರು, ಅದನ್ನೂ ಮಾಡಿಸಿದರು. ಪಾತ್ರೆಯಾಗಲಿ ಚರ್ಮವಾಗಲಿ ಅವರ ಕುಲವಿದ್ಯೆಯಲ್ಲ. ಗಂಧದೆಣ್ಣೆಯೂ ಅಲ್ಲ. ದಿವಾನರಿಗಂತೂ ಅದು ಅಲ್ಲವೇ ಅಲ್ಲ. ಅವರದು ನೀರು, ಕಲ್ಲು, ಗಾರೆಗಳ ವಿದ್ಯೆ. ಆದರೆ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಸಡ್‌ಬರೋ, ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ಇಳಿಸುವ ಪ್ರಯೋಗದಲ್ಲಿ ತೊಡಗಿದ್ದರು. ಅವರನ್ನು ಕೇಳಬಹುದೆಂಬುದು ಈ ಇಬ್ಬರಿಗೆ ತಿಳಿದಿತ್ತು. ಏನನ್ನು ಕೇಳಬೇಕೆಂಬುದೂ ತಿಳಿದಿತ್ತು. ೧೯೧೬ರಿಂದೀಚೆಗೆ ಎಣ್ಣೆ ಇಲ್ಲಿಯೇ ಇಳಿಯತೊಡಗಿತು, ಮೈಸೂರು ನಗರದಲ್ಲಿಯೂ ಕಾರ್ಖಾನೆ ಎದ್ದಿತು.

ಅದರ ಮುಂದಿನ ಮಜಲಿಗೆ ಒಂದು ಕಥೆಯನ್ನು ಹೇಳುವುದುಂಟು. ಫ್ರಾನ್ಸಿನಿಂದ ಬಂದ ಸಾಬೂನಿನ ಉಡುಗೊರೆಯೊಂದು ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರ ಕೈಸೇರಿತಂತೆ. ಅದರಲ್ಲಿದ್ದುದು ಮೈಸೂರಿನ ಗಂಧದೆಣ್ಣೆಯೇ ಎಂದು ತಿಳಿದಾಗ, ಎಣ್ಣೆ ಇಲ್ಲಿಯದಾದರೆ ಸಾಬೂನು ಇಲ್ಲಿಯದೇಕಾಗಬಾರದು ಎಂದು ಅವರು ಕೇಳಿದರಂತೆ. ಅರಮನೆಗಳ ಸುತ್ತ ಕಥೆಗಳು ಬೆಳೆಯುವುದು ಸಹಜ; ಅಡಿಗೆಯ ಮಾದಪ್ಪನವರು ಕಡಲೆಹಿಟ್ಟು, ತುಪ್ಪ, ಸಕ್ಕರೆಗಳನ್ನು ಹದವಾಗಿ ಕೂಡಿಸಿ ಮೈಸೂರು ಪಾಕವನ್ನು ಕಂಡುಕೊಂಡ ಕಥೆಯೂ ಸಯ್ಯಾಜಿರಾವ್ ರಸ್ತೆಯಲ್ಲಿ ಇಂದಿಗೂ ಬಾಯಿಂದ ಬಾಯಿಗೆ ನಡೆದಿದೆ. ಸಾಬೂನಿನ ಕಥೆ ಅಕ್ಷರಶಃ ನಡೆದಿರಲಿ ಇಲ್ಲದಿರಲಿ, ಅನಂತರ ನಡೆದುದು ಮಾತ್ರ ಇತಿಹಾಸ. ಎಸ್. ಜಿ. ಶಾಸ್ತ್ರಿಗಳೆಂಬ ತರುಣ ರಸಾಯನಜ್ಞರನ್ನು ಸಾಬೂನಿನ ವಿದ್ಯೆಯನ್ನು ಕಲಿತುಬರಲು ಇಂಗ್ಲೆಂಡಿಗೆ ಕಳುಹಿಸಲಾಯಿತು. ೧೯೧೮ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಸಾಬೂನು ಕಾರ್ಖಾನೆ ಹುಟ್ಟಿತು. ಪರಿಣತಿಯ ಸ್ಥಾನ ಯಾವುದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಶಾಸ್ತ್ರಿಗಳ ಪರಿಣತಿಯಿಲ್ಲದೆ ಸಾಬೂನಿಲ್ಲ. ಆದರೆ ಆ ಪರಿಣತಿಯೇ ಒಂದು ಪ್ರಶ್ನೆಯಿಂದ ಹುಟ್ಟಿದ್ದು, ಮತ್ತು ಆ ಪ್ರಶ್ನೆಯನ್ನು ಕೇಳಿದವರು ಸಾಬೂನಿನ ವಿದ್ಯೆಯನ್ನು ಅರಿತವರಲ್ಲ.

ವಿಶ್ವೇಶ್ವರಯ್ಯನವರ ಹೆಸರನ್ನು ಜಿಜ್ಞಾಸೆಯ ಪಕ್ಷದಲ್ಲಿ ನಿಲ್ಲಿಸಿದುದಕ್ಕೆ ಕೆಲವರು ನಗಬಹುದು. ಈ ದೇಶದಲ್ಲಿ ಪರಿಣತಿಗೆ ಅವರಿಗಿಂತ ದೊಡ್ಡ ಪ್ರತೀಕವುಂಟೇ ಎಂದು ಕೇಳಬಹುದು. ಆದರೆ ಅವರ ಜೀವಿತದ ಕ್ರಮವನ್ನು ನೋಡಬೇಕು. ಬೊಂಬಾಯಿ ಸರ್ಕಾರದ ನೌಕರಿಯಲ್ಲಿದ್ದಾಗಲೇ, ೧೮೯೮ರಲ್ಲಿ, ರಜ ಪಡೆದು ಜಪಾನಿಗೆ ಹೋದರು. ನೀರಾವರಿಯ ಎಂಜಿನಿಯರಿಗೆ ಜಪಾನಿನ ಶಾಲೆಗಳಿಂದಲೂ ಕಾರ್ಖಾನೆಗಳಿಂದಲೂ ಆಗಬೇಕಾದುದೇನಿತ್ತು? ಏನೂ ಇರಲಿಲ್ಲ, ಆದುದರಿಂದಲೇ ಆ ಯಾತ್ರೆಗೆ ಬೆಲೆ. ೧೯೪೬ರಲ್ಲಿ, ಎಂಬತ್ತೈದರ ಆಸುಪಾಸಿನಲ್ಲಿ, ಉದ್ಯಮಿಗಳ ನಿಯೋಗವನ್ನು ಮುಂದಿಟ್ಟುಕೊಂಡು ಮತ್ತೆ ಹೊರದೇಶಗಳ ಕಾರ್ಖಾನೆಗಳನ್ನು ನೋಡಲು ಹೊರಟವರು ಅವರೇ. ಇನ್ನು ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಅದು ೧೯೨೩ರಲ್ಲಿ ಕಬ್ಬಿಣವನ್ನು ಎರಕ ಹೊಯ್ಯಲಾರಂಭಿಸುವ ಹೊತ್ತಿಗೆ ಪೇಟೆಯಲ್ಲಿ ಬೆಲೆ ಇಳಿದಿತ್ತು, ನಷ್ಟ ಏರುತ್ತಿತ್ತು, ಮುಚ್ಚಿಬಿಡುವುದೇ ಲೇಸೆಂದವರು ಹಲವರು. ದಿವಾನಗಿರಿಯನ್ನು ಬಿಟ್ಟು ವರ್ಷಗಳೇ ಕಳೆದಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಹೋಗಿ ೧೯೨೯ರವರೆಗೆ ದುಡಿದರು. ಲೋಹವಿದ್ಯೆಯಲ್ಲಿ ಅವರು ಪರಿಣತರಲ್ಲ. ಲೋಹವಿದ್ಯೆಯ ಪರಿಣತರು ವಿದೇಶದಿಂದ ದೊಡ್ಡ ಸಂಬಳಕ್ಕೆ ಬಂದು ಅಲ್ಲಿಯೇ ಇದ್ದರು, ನಷ್ಟವೂ ಅವರ ಜೊತೆಯಲ್ಲಿಯೇ ಇತ್ತು. ಅಧ್ಯಕ್ಷರು ಮಾಡಿದುದು ಖರ್ಚಿನ ಒಂದೊಂದು ಬಾಬನ್ನೂ ವಿಚಾರಿಸಿ ಇಳಿಸಿದುದು, ವಿದೇಶೀಯರ ಸ್ಥಾನಕ್ಕೆ ದೇಶೀಯರನ್ನು ತಯಾರು ಮಾಡಿದುದು. ಪರಿಣತನೊಬ್ಬನು ತನ್ನ ಪರಿಣತಿ ಸಲ್ಲದ ಸ್ಥಳದಲ್ಲಿ ವಿದ್ಯಾರ್ಥಿಯಾಗಬಲ್ಲನೇ ಎಂಬುದೇ ಅವನಿಗೆ ನಿಜವಾದ ಪರೀಕ್ಷೆ. ಬಹುಮಂದಿ ಇಲ್ಲಿ ಸೋಲುತ್ತಾರೆ; ಒಂದು ಕ್ಷೇತ್ರದ ಗೌರವವನ್ನು ಇನ್ನೊಂದು ಕ್ಷೇತ್ರದಲ್ಲಿ ನಗದು ಮಾಡಿಕೊಳ್ಳಲು ಹೋಗುತ್ತಾರೆ.

ಸರ್ಕಾರದ ಉದ್ಯಮಗಳಲ್ಲದೆ ಖಾಸಗಿ ಮನೆತನದಿಂದಲೂ ಒಂದು ಉದಾಹರಣೆಯನ್ನು ಕೊಡಬಹುದು. ೧೯೪೮ರಲ್ಲಿ ಮೈಸೂರಿನಲ್ಲಿ ಊದುಬತ್ತಿಯ ವ್ಯಾಪಾರವನ್ನು ತೊಡಗಿದ ಎನ್. ರಂಗರಾಯರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು ಸಂಬಳಕ್ಕೆ ದುಡಿದು ಬದುಕಿದವರು. ಸುಗಂಧದ ಮಿಶ್ರಣವನ್ನು ತಾವೇ ಮಾಡಿ ನೋಡಿ ಕಲಿತರು. ತಮ್ಮ ಸರಕಿಗೆ ದೇವರ ಹೆಸರನ್ನಿಡದೆ ಸೈಕಲ್ ಎಂದು ಹೆಸರಿಟ್ಟರು. ಓದು ಬಾರದವನೂ ಯಾವ ಭಾಷೆಯವನೂ ಗುರುತಿಸಬಲ್ಲ ವಸ್ತು ಅದು. ಕೊಳ್ಳುವವನ ಕಣ್ಣಿನಿಂದ ನೋಡಬೇಕೆಂಬ ಆಸೆಯಿಲ್ಲದವನಿಗೆ ಆ ಹೆಸರು ಹೊಳೆಯಲಾರದು.

ಹಾಗೆಂದು ಜಿಜ್ಞಾಸೆಯೆಲ್ಲ ಒಳ್ಳೆಯದೇ ಎನ್ನುವುದೂ ತಪ್ಪಾದೀತು. ದಿನಕ್ಕೊಂದು ಹೊಸ ಯೋಜನೆಯನ್ನು ತಂದು, ನೆನ್ನೆಯದನ್ನು ಮುಗಿಸದೆ ಇಂದಿನದಕ್ಕೆ ಕೈಹಾಕುವ ಧಣಿಯ ಕೆಳಗೆ ದುಡಿದವರಿಗೆ ಆ ಕಷ್ಟ ಗೊತ್ತು. ಅವನ ಪ್ರಯೋಗಕ್ಕೆ ಬೆಲೆ ಕೊಡುವವನು ಅವನಲ್ಲ, ತಿಂಗಳ ಕೊನೆಯಲ್ಲಿ ಸಂಬಳ ಸಿಕ್ಕದೆ ಮನೆಗೆ ಮರಳುವ ಗುಮಾಸ್ತ. ಇತರರ ಅನ್ನವನ್ನು ಒಡ್ಡಿ ಆಡುವ ಜೂಜಿಗೆ ಜಿಜ್ಞಾಸೆಯೆಂಬ ಹೆಸರು ಸಲ್ಲದು. ಅದು ಮೇಲೆ ಹೇಳಿದ ಕುತೂಹಲವೇ, ದೊಡ್ಡ ವೇಷದಲ್ಲಿ ಬಂದಿರುವುದು. ಇವೆರಡನ್ನು ಬೇರ್ಪಡಿಸುವ ಗುರುತು ಸುಲಭವಾಗಿದೆ. ಜಿಜ್ಞಾಸುವು ಉತ್ತರವನ್ನು ಕೇಳುವವರೆಗೆ ನಿಲ್ಲುತ್ತಾನೆ, ಕೇಳಿದ ಮೇಲೆ ಅದಕ್ಕೆ ಒಳಗಾಗುತ್ತಾನೆ. ತನಗೆ ಪ್ರಿಯವಲ್ಲದ ಉತ್ತರ ಬಂದಾಗಲೂ.

ಇಲ್ಲಿಗೆ ವಿಚಾರವು ಬುದ್ಧಿಯ ಎಲ್ಲೆಯನ್ನು ದಾಟಿ ಶೀಲದ ಎಲ್ಲೆಯನ್ನು ಮುಟ್ಟುತ್ತದೆ. ಕೇಳುವವನು ಆ ಗಳಿಗೆಯಲ್ಲಿ ಹೇಳುವವನಿಗಿಂತ ಕೆಳಗೆ ಕುಳಿತಂತೆಯೇ. ಗದ್ದುಗೆಯ ಮೇಲಿರುವವನಿಗೆ ಇದು ಕಹಿ. ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿಯ ಕಥೆ ಬರುತ್ತದೆ. ಜಡೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿಮಾಡುವಷ್ಟು ಕಾಲ ಅಲುಗದೆ ನಿಂತ ತಪಸ್ವಿ ಅವನು; ತಪಸ್ಸಿನಲ್ಲಿ ಅವನಿಗಿಂತ ಪರಿಣತನಿಲ್ಲ, ಅದು ಅವನಿಗೂ ಗೊತ್ತು. ಕಾಶಿಯಲ್ಲಿ ಅಂಗಡಿಯಿಟ್ಟು ಬೇರು, ತೊಗಟೆ, ಸುಗಂಧದ್ರವ್ಯಗಳನ್ನು ತೂಗಿ ಮಾರುವ ತುಲಾಧಾರನಿಗೆ ಅವನು ಸಮನಲ್ಲವೆಂಬ ಮಾತು ಕಿವಿಗೆ ಬೀಳುತ್ತದೆ. ಜಾಜಲಿ ಸಿಟ್ಟಾಗುತ್ತಾನೆ, ಆದರೂ ನಡೆದುಹೋಗುತ್ತಾನೆ. ತಪಸ್ವಿಯೊಬ್ಬ ಗಂಧದಂಗಡಿಯ ಮುಂದೆ ನಿಂತು ಧರ್ಮವನ್ನು ಕೇಳಿದನೆಂಬುದರಲ್ಲಿ ಈ ಕಥೆಯ ಸೊಗಸಿದೆ. ವರ್ಷಗಟ್ಟಲೆ ನಿಂತದ್ದಕ್ಕಿಂತ ಆ ನಡಿಗೆಯೇ ಅವನಿಗೆ ಕಷ್ಟವಾಗಿದ್ದಿರಬೇಕು.

ಪ್ರಶ್ನೋಪನಿಷತ್ತಿನ ಸುಕೇಶನದು ಇನ್ನೂ ಸಣ್ಣ ಕಥೆ. ಕೋಸಲದ ರಾಜಕುಮಾರನೊಬ್ಬ ರಥದಲ್ಲಿ ಬಂದು, ಹದಿನಾರು ಕಲೆಗಳುಳ್ಳ ಪುರುಷನ ವಿಷಯವಾಗಿ ಅವನನ್ನು ಕೇಳುತ್ತಾನೆ. ತನಗೆ ತಿಳಿಯದೆಂದೂ, ತಿಳಿದಿದ್ದರೆ ಏಕೆ ಹೇಳುತ್ತಿರಲಿಲ್ಲವೆಂದೂ, ಸುಳ್ಳಾಡಿದವನು ಬೇರುಸಹಿತ ಒಣಗಿಹೋಗುತ್ತಾನೆಂದೂ ಸುಕೇಶ ಉತ್ತರ ಕೊಡುತ್ತಾನೆ. ರಾಜಕುಮಾರ ಮೌನವಾಗಿ ರಥವೇರಿ ಹೊರಟುಹೋಗುತ್ತಾನೆ. ಸುಕೇಶ ಆ ಪ್ರಶ್ನೆಯನ್ನು ಬಿಡದೆ ಪಿಪ್ಪಲಾದರ ಬಳಿಗೆ ಒಯ್ಯುತ್ತಾನೆ. ತಿಳಿಯದೆನ್ನುವ ಮಾತಿಗೂ ಬೇರು ಒಣಗುವ ಮಾತಿಗೂ ಆ ಋಷಿ ಕಂಡ ಸಂಬಂಧವನ್ನು ಉದ್ಯಮಪತಿಗಳು ಎಷ್ಟು ಮನನ ಮಾಡಿದರೂ ಕಡಮೆಯೇ. ಏಕೆಂದರೆ ತಿಳಿದಂತೆ ನಟಿಸುವ ಯಜಮಾನನ ಸುತ್ತ ಇರುವವರು ಅವನಿಗೆ ಅಪ್ರಿಯವಾದುದನ್ನು ತಿಳಿಸುವ ಅಭ್ಯಾಸವನ್ನು ಕ್ರಮೇಣ ಬಿಡುತ್ತಾರೆ. ಬಾಯ್ಲರಿನ ಮುಂದೆ ನಿಂತವನಿಗೆ ಶಬ್ದ ಬದಲಾದುದು ಮೊದಲು ಗೊತ್ತಾಗುತ್ತದೆ. ಅವನನ್ನು ಕೇಳುವವರಿಲ್ಲದಿದ್ದರೆ ಅದು ಅವನಲ್ಲಿಯೇ ಉಳಿಯುತ್ತದೆ. ಕೇಳದಿರುವುದು ಅವನ ಬುದ್ಧಿಗೆ ಮಾಡಿದ ಅನ್ಯಾಯ, ಅನಂತರ ಎಲ್ಲರ ಅನ್ನಕ್ಕೂ ಮಾಡಿದ ಅನ್ಯಾಯ.

ಗಂಧದ ಕಥೆಯನ್ನು ಅದರ ಯಶಸ್ಸಿನಲ್ಲಿಯೇ ಮುಗಿಸುವುದು ಹಿತವಾಗಿದ್ದೀತು, ಆದರೆ ಪ್ರಾಮಾಣಿಕವಾಗದು. ಎಣ್ಣೆ ಇಳಿಸುವುದರಲ್ಲಿಯೂ ಸಾಬೂನು ಮಾಡುವುದರಲ್ಲಿಯೂ ಮೈಸೂರು ಲೋಕಪ್ರಸಿದ್ಧವಾದ ಪರಿಣತಿಯನ್ನು ಪಡೆಯಿತು. ಮರದ ವಿಷಯದಲ್ಲಿ ಅಷ್ಟು ಆಸಕ್ತಿ ಹುಟ್ಟಲಿಲ್ಲ. ಟೀಪೂ ಸುಲ್ತಾನರ ಕಾಲದಿಂದ ಅದು ರಾಜವೃಕ್ಷ. ರೈತನ ಹೊಲದಲ್ಲಿ ತಾನಾಗಿ ಹುಟ್ಟಿದರೂ ಅದರ ಒಡೆತನ ಸರ್ಕಾರದ್ದು. ಹೊಲದಲ್ಲಿ ಗಂಧದ ಸಸಿ ಕಂಡರೆ ರೈತನಿಗೆ ಸಂತೋಷಕ್ಕಿಂತ ಭಯವೇ ಹೆಚ್ಚು. ತನ್ನದಲ್ಲದ ಮರ ಹೇಗೆ ಬೆಳೆಯುತ್ತದೆಂದು ಅವನು ಏಕೆ ಕೇಳಿಯಾನು? ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕೊಡಗಿನಲ್ಲಿ ಸ್ಪೈಕ್ ಎಂಬ ರೋಗ ಕಾಣಿಸಿಕೊಂಡಿತು. ಎಲೆಗಳು ಕಿರಿದಾಗಿ, ಮುಳ್ಳಿನಂತೆ ನಿಮಿರಿ, ಮರಗಳು ಸಾಯತೊಡಗಿದುವು. ಸಂಸ್ಥಾನದ ವ್ಯವಸಾಯ ಇಲಾಖೆಯ ಲೆಸ್ಲಿ ಕೋಲ್ಮನ್, ಅಡಕೆಯ ಕೊಳೆರೋಗಕ್ಕೆ ಮದ್ದು ಕಂಡ ಆ ಮಹನೀಯರೇ, ಇದನ್ನೂ ಶೋಧಿಸಿದರು. ಕಸಿಯ ಮೂಲಕ ಅದು ಹರಡುವುದನ್ನು ತೋರಿಸಿದರು. ಅದು ವೈರಸ್ಸಿನಿಂದ ಬರುವುದೆಂದು ತಜ್ಞರು ದಶಕಗಳ ಕಾಲ ನಂಬಿದ್ದರು. ೧೯೬೯ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ರೋಗದ ಮರದಲ್ಲಿ ಕಂಡುದು ವೈರಸ್ಸಲ್ಲ, ಮೈಕೋಪ್ಲಾಸ್ಮಾವನ್ನು ಹೋಲುವ ಬೇರೊಂದು ಜಾತಿಯ ಜೀವಿ.

ಅಷ್ಟರಲ್ಲಿ ಕಾಡು ಬರಿದಾಗುತ್ತ ಬಂದಿತ್ತು. ರೋಗದ ಜೊತೆಗೆ ಕಳ್ಳತನವೂ ಸೇರಿತ್ತು. ೧೯೮೦ರಲ್ಲಿ ಎಣ್ಣೆಯ ಕಾರ್ಖಾನೆಗಳೂ ಸಾಬೂನಿನ ಕಾರ್ಖಾನೆಯೂ ಒಂದು ಕಂಪೆನಿಯಾಗಿ ಕೂಡಿಕೊಂಡುವು. ಹಂಡೆಗಳಿದ್ದುವು, ಎಣ್ಣೆ ಇಳಿಸಬಲ್ಲವರಿದ್ದರು, ಕೊರಡು ಮಾತ್ರ ವರ್ಷದಿಂದ ವರ್ಷಕ್ಕೆ ದುರ್ಲಭವಾಯಿತು. ೧೯೯೮ರಲ್ಲಿ ಶ್ರೀಗಂಧವು ಅಪಾಯಕ್ಕೊಳಗಾದ ಸಸ್ಯಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿತು. ಅದೇ ಕಾಲಕ್ಕೆ ಪಶ್ಚಿಮ ಆಸ್ಟ್ರೇಲಿಯದ ಕುನುನುರ್ರಾ ಎಂಬ ಊರಿನ ಸುತ್ತ, ಮೈಸೂರಿನ ಗಂಧದ ಸಂಪ್ರದಾಯಕ್ಕೆ ಸೇರದ ಜನ, ಈ ಸೀಮೆಯ ಜಾತಿಯ ಮರವನ್ನೇ ಸಾಲುಸಾಲಾಗಿ ತೋಟ ಹಾಕತೊಡಗಿದರು. ಅವರಿಗೆ ಮೈಸೂರಿನ ಪರಂಪರೆಯ ಪರಿಣತಿ ಇರಲಿಲ್ಲ. ಈ ಮರಕ್ಕೆ ಏನು ಬೇಕೆಂದು ಕೇಳುವುದಕ್ಕೆ ಅಡ್ಡಿಯೂ ಇರಲಿಲ್ಲ.

ಕರ್ನಾಟಕದಲ್ಲಿ ಕಾನೂನು ತಿದ್ದುಪಡಿಯಾಗಿ, ಭೂಮಿಯ ಒಡೆಯನೇ ಅದರ ಮೇಲಿನ ಗಂಧದ ಮರಕ್ಕೂ ಒಡೆಯನೆಂದಾದುದು ೨೦೦೧ರಲ್ಲಿ. ಮರ ತನ್ನದಾದೊಡನೆ ರೈತನು ಕೇಳತೊಡಗಿದನು. ಶ್ರೀಗಂಧವು ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ತಗುಲಿಸಿ ಅಲ್ಲಿಂದ ಆಹಾರವನ್ನು ಹೀರುವ ಸಸ್ಯ; ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಇದನ್ನು ಜಾನ್ ಸ್ಕಾಟ್ ಎಂಬ ಸಸ್ಯಶಾಸ್ತ್ರಜ್ಞ ೧೮೭೧ರಷ್ಟು ಹಿಂದೆಯೇ ಕಂಡಿದ್ದನು. ಆ ಸಂಗತಿ ಪುಸ್ತಕದಲ್ಲಿ ನೂರಮೂವತ್ತು ವರ್ಷ ಕಾದಿತ್ತು. ಈಗ ಬಯಲುಸೀಮೆಯ ಹೊಲಗಳಲ್ಲಿ ಗಂಧದ ಸಸಿಯನ್ನು ನೆಡುವವರು ಅದರ ಪಕ್ಕದಲ್ಲಿಯೇ, ಗೇಣು ದೂರದಲ್ಲಿ, ನಾಲ್ಕು ತೊಗರಿಯ ಕಾಳನ್ನೂ ಊರುತ್ತಾರೆ.